ಹುಳದ ಮನೆಯಲ್ಲಿ ರೆಕಾರ್ಡಿಂಗ್

ಮದುವೆಯಾಗಿ ಅಕ್ಕೂರಿಗೆ ಬಂದ ಮೇಲೆ ನಾನು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೆ. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಒಂದು ಕಿವಿಯಲ್ಲಿ ಡೆವಲಪರ್‌ಗಳ ಪಾಡ್‌ಕಾಸ್ಟ್; ಅತ್ತೆ ಕರೆದರೆ ಬೇಕಲ್ಲ ಅಂತ ಇನ್ನೊಂದು ಕಿವಿ ಖಾಲಿ. ಅದೂ ಮಾಮೂಲಿ ವೇಗದಲ್ಲಲ್ಲ, ಎರಡು ಪಟ್ಟು. ಊಟದ ತಟ್ಟೆಯ ಪಕ್ಕದಲ್ಲೇ ಯಾರದೋ ಬ್ಲಾಗ್. ಒಂದು ಓದಿ ಮುಗಿಸುವಷ್ಟರಲ್ಲಿ ಹತ್ತು ಹೊಸವು ಬಂದು ಕೂತಿರುತ್ತಿದ್ದವು. ಲೋಕವೆಲ್ಲ ಮುಂದೆ ಹೋಗಿಬಿಟ್ಟಿತು, ನಾನೊಬ್ಬಳೇ ಬಚ್ಚಲಲ್ಲಿ ನಿಂತಿದ್ದೇನೆ ಅಂತ ಸದಾ ಅನ್ನಿಸುತ್ತಿತ್ತು.

ರಾಮನಗರದಲ್ಲಿ ನಮ್ಮಂಥವರದೇ ಒಂದು ಸಣ್ಣ ಗುಂಪಿತ್ತು. ತಿಂಗಳಿಗೊಂದು ಭಾನುವಾರ ಸೇರಿ, ಓದಿದ್ದು ಕೇಳಿದ್ದು ಹಂಚಿಕೊಂಡು, ಕನ್ನಡದಲ್ಲೇ ಒಂದು ಪಾಡ್‌ಕಾಸ್ಟ್ ಮಾಡುತ್ತಿದ್ದರು. ನಾನು ಹಿಂದಿನ ಕುರ್ಚಿಯಲ್ಲಿ ಕೂತಿದ್ದು, ತುಟಿ ಬಿಚ್ಚದೆ ವಾಪಸ್ ಬಸ್ಸು ಹತ್ತುವವಳು. ಅದನ್ನು ನಡೆಸುವ ಹುಡುಗಿ ಒಂದು ದಿನ, ಮುಂದಿನ ಕಂತು ನಿಮ್ಮದು, ಮನೆಯಲ್ಲೇ ರೆಕಾರ್ಡ್ ಮಾಡಿ ಸೋಮವಾರ ಕಳಿಸಿ ಅಂದಳು. ಅವತ್ತು ಬಸ್ಸಿನಲ್ಲಿ ಸೀಟಿದ್ದರೂ ಕೂರಲಾಗಲಿಲ್ಲ. ಇಷ್ಟು ವರ್ಷ ಬೇರೆಯವರನ್ನು ಕೇಳಿದ್ದೆ. ನನ್ನನ್ನೂ ಯಾರಾದರೂ ಕೇಳಲಿ ಅನ್ನುವ ಆಸೆ ಎಷ್ಟಿತ್ತೆಂದು ಆಗಲೇ ಗೊತ್ತಾದದ್ದು.

ಆದರೆ ರೆಕಾರ್ಡ್ ಮಾಡುವುದೆಲ್ಲಿ? ಮನೆಯಲ್ಲಿ ಮಿಕ್ಸಿ, ಟಿವಿ, ಬೀದಿಯಲ್ಲಿ ಟ್ರ್ಯಾಕ್ಟರ್. ಸದ್ದಿಲ್ಲದ ಜಾಗವೆಂದರೆ ಹಿತ್ತಲಿನ ರೇಷ್ಮೆ ಹುಳದ ಮನೆ ಒಂದೇ. ಬಾಗಿಲು ಸದಾ ಮುಚ್ಚಿದ್ದು, ಕಾಲು ತೊಳೆಯದೆ ಯಾರೂ ಒಳಗೆ ಹೋಗುವಂತಿಲ್ಲ. ಆಗ ಹುಳ ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಜ್ವರ ಅಂದರೆ ಅವು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ಅದಾದ ಮೇಲಿನ ವಾರ ಅವಕ್ಕೆ ರಾಕ್ಷಸ ಹಸಿವು. ಹಿಪ್ಪುನೇರಳೆ ಸೊಪ್ಪನ್ನು ಕಡ್ಡಿ ಸಮೇತ ಹಾಕಿದರೆ ಸಾಕು, ಹೆಂಚಿನ ಮೇಲೆ ಮಳೆ ಹುಯ್ದ ಹಾಗೆ ಸದ್ದು. ಹಾಗಾಗಿ ಬೆಳಗಿನ ಸೊಪ್ಪನ್ನು ಅವು ತಿಂದು ಮುಗಿಸಿದ ಮೇಲೆ, ಮಧ್ಯಾಹ್ನದ ಸೊಪ್ಪು ಬೀಳುವುದರೊಳಗೆ ಕೆಲಸ ಮುಗಿಸಿಬಿಡೋಣ ಅಂತ ದೊಡ್ಡ ಬುದ್ಧಿವಂತೆಯ ಹಾಗೆ ಯೋಚಿಸಿದೆ.

ಆತುರಗಾರನಿಗೆ ಬುದ್ಧಿ ಮಟ್ಟ. ಮೊದಲ ಸಲ ತೊದಲಿದೆ. ಎರಡನೇ ಸಲ ಹೇಳಬೇಕಾದ್ದೇ ಮರೆತೆ. ಮೂರನೇ ಸಲ ನನ್ನ ದನಿ ನನಗೇ ಹಿಡಿಸದೆ ಅಳಿಸಿ ಹಾಕಿದೆ. ಅಷ್ಟರಲ್ಲಿ ಅತ್ತೆ ಸೊಪ್ಪಿನ ಹೊರೆ ಹೊತ್ತು ಬಾಗಿಲಿಗೆ ಬಂದರು. ಒಸಿ ತಡೀರಿ ಅತ್ತೆ ಅಂದೆ. ಅವರು ಹೊರೆ ಇಳಿಸಿ ಹೊರಗೇ ನಿಂತರು. ಇನ್ನೊಂದು ಸಲ, ಇನ್ನೊಂದೇ ಸಲ ಅನ್ನುತ್ತ ಎರಡು ಗಂಟೆ ದಾಟಿತು. ಹುಳ ಖಾಲಿ ಕಡ್ಡಿಗಳ ಮೇಲೆ ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಕಂಡೆ. ಕಂಡೂ ಮೈಕನ್ನು ಬಾಯಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಕೊನೆಗೆ ಅತ್ತೆ ಬಾಗಿಲು ತೆಗೆದೇಬಿಟ್ಟರು. “ನಿನ್ ಮಾತು ಆಮೇಲೂ ಆಡ್ಬೌದು ಕಣವ್ವ, ಬಾಯಿಲ್ಲದ ಜೀವ ಇವು” ಎಂದು ಸೊಪ್ಪು ಹರಡತೊಡಗಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಲ್ಲಿಸದೆ, ಆ ಸಿಟ್ಟಿನಲ್ಲೇ ಮತ್ತೆ ಮೊದಲಿಂದ ಶುರುಮಾಡಿದೆ. ನೋಡಿದರೆ ಆ ಸಲವೇ ಒಂದೂ ತಪ್ಪಿಲ್ಲದೆ ಮುಗಿಯಿತು. ಅದನ್ನೇ ಕಳಿಸಿದೆ.

ಕಂತು ಬಂದಾಗ ಗುಂಪಿನವರೆಲ್ಲ ಮೆಚ್ಚಿದರು. ನನ್ನ ಮಾತಿನ ಹಿಂದೆ ಮಳೆ ಸುರಿಯುತ್ತಿದ್ದದ್ದು ಬಹಳ ಚೆನ್ನಾಗಿತ್ತು ಅಂದವರೂ ಇದ್ದರು. ನಾನು ನೆಲದ ಮೇಲೆ ಕಾಲು ನಿಲ್ಲದೆ ಅತ್ತೆಯ ಹತ್ತಿರ ಓಡಿದೆ. ಅವರು ಕೆಲಸ ಬಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಫೋನನ್ನು ಕಿವಿಗೆ ಒತ್ತಿ ಕೊನೆಯವರೆಗೂ ಕೇಳಿದರು. ಆ ಮನೆಯಲ್ಲಿ ನನ್ನ ಮಾತನ್ನು ಅಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ಹೇಗಿತ್ತು ಅತ್ತೆ ಅಂದೆ.

“ಪಾಪ, ಅವತ್ತು ಎಷ್ಟು ಹಸ್ದಿದ್ವು ನೋಡವ್ವ” ಅಂದರು.