ಅವರು ನಕ್ಕದ್ದು ನಿನ್ನ ಇಂಗ್ಲಿಷಿಗಲ್ಲ

ಅವತ್ತು ಸಂದರ್ಶನದಲ್ಲಿ ನಿನ್ನ ಇಂಗ್ಲಿಷ್ ತಪ್ಪಿರಲಿಲ್ಲ, ವೇಣಿ. ತಪ್ಪಿದ್ದದ್ದು ನಿನ್ನ ಒಂದು ಉತ್ತರ. ಅದು ತಪ್ಪೆಂದು ನನಗೆ ಹನ್ನೊಂದು ದಿನ ಮೊದಲೇ ಗೊತ್ತಿತ್ತು. ಹೇಳಲಿಲ್ಲ. ಆಮೇಲೆ ನೀನೇ ಕೇಳಿದಾಗ — ಸುಳ್ಳು ಹೇಳಿದೆ.

೧೯೯೯ರ ಬೇಸಿಗೆ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ನಾನು ಕೊಟ್ಟೂರಿಗೆ ಮರಳಿದ್ದೆ. ನೀನು ಊರು ಚಿಗಟೇರಿ ಬಿಟ್ಟು ನಮ್ಮ ಓಣಿಯ ನಿನ್ನ ಸೋದರತ್ತೆಯ ಮನೆಗೆ ಬಂದು ಇಳಿದಿದ್ದೆ, ಜೊತೆಗೆ ಓದಲೆಂದೇ. ಬೆಂಗಳೂರಿನ ವಿಮಾನ ಕಂಪನಿಯೊಂದರಿಂದ ಇಬ್ಬರಿಗೂ ಸಂದರ್ಶನದ ಕರೆ ಬಂದಿತ್ತು. ನಿನಗೆ ಆ ಕೆಲಸವೇ ಬೇಕಾಗಿತ್ತು. ನನಗೆ ಯಾವುದಾದರೂ ಒಂದು ಕೆಲಸ.

ಅಪ್ಪನ ಶೇಂಗಾ ಅಂಗಡಿಯ ಹಿಂದಿನ ಕೋಣೆಯಲ್ಲಿ, ಚೀಲಗಳ ನಡುವೆ ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಕೇಳುತ್ತಿದ್ದೆವು. ಎಷ್ಟು ಕೇಳಿದೆವು, ಎಷ್ಟು ಸರಿ, ಎಷ್ಟು ತಪ್ಪು — ಲೆಕ್ಕ ಇಡುವವಳು ನಾನು. ನಿಯಮ ಮಾಡಿದವಳು ನೀನು: ತಪ್ಪು ಕಂಡ ಕೂಡಲೇ ಹೇಳಬೇಕು, ಮುಲಾಜು ಇಲ್ಲ. ರೆಕ್ಕೆಯ ಅಲ್ಯೂಮಿನಿಯಂ ಹಾಳೆಗಳನ್ನು ವೆಲ್ಡಿಂಗ್ ಮಾಡದೆ ರಿವೆಟ್ ಯಾಕೆ ಹೊಡೆಯುತ್ತಾರೆ ಎಂದು ನೀನು ಕೇಳಿದ್ದೆ. ಕೆಲಸ ಸುಲಭ ಅಂತ, ಎಂದೆ ನಾನು. ಅಲ್ಲ, ವೆಲ್ಡಿಂಗಿನ ಕಾವಿಗೆ ಆ ಲೋಹದ ಗಟ್ಟಿತನ ಹೋಗುತ್ತದೆ ಎಂದು ತಿದ್ದಿ, ನನ್ನ ಬಾಯಲ್ಲಿ ಮೂರು ಸಲ ಹೇಳಿಸಿದೆ.

ಒಂದು ದಿನ ಮಾರ್ಕ್ಸ್ ಕಾರ್ಡ್ ತರಲು ನಾನೊಬ್ಬಳೇ ದಾವಣಗೆರೆಗೆ ಹೋದೆ. ಕಾಲೇಜಿನ ಲೈಬ್ರರಿಯಲ್ಲಿ ಒಂದು ಪುಸ್ತಕ ಸಿಕ್ಕಿತು. ರೆಕ್ಕೆ ವಿಮಾನವನ್ನು ಹೇಗೆ ಎತ್ತಿಹಿಡಿಯುತ್ತದೆ ಎಂಬುದಕ್ಕೆ ನಾವಿಬ್ಬರೂ ನಂಬಿದ್ದ ವಿವರಣೆ ತಪ್ಪು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ರೆಕ್ಕೆಯ ಮುಂದಿನ ಅಂಚಿನಲ್ಲಿ ಬೇರೆಯಾದ ಗಾಳಿ ಹಿಂದಿನ ಅಂಚಿನಲ್ಲಿ ಒಂದೇ ಹೊತ್ತಿಗೆ ಕೂಡಬೇಕೆಂದೇನೂ ಇಲ್ಲ. ಮೇಲಿನದು ಮೊದಲೇ ದಾಟಿಹೋಗುತ್ತದೆ. ನಿನಗೆ ಹೇಳಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಅವಸರಪಡುತ್ತಲೇ ಬಂದೆ. ಇದು ನಿಜ — ಆದರೂ ಇದರಿಂದ ನನ್ನ ತಪ್ಪು ಹಗುರಾಗುವುದಿಲ್ಲ.

ಸಂಜೆ ನಾನು ಒಳಗೆ ಬಂದಾಗ ಅಪ್ಪ ಚೀಲದ ಮೇಲೆ ಕೂತು ನಿನಗೆ ಸಂದರ್ಶನದ ಸಾಹೇಬರಾಗಿದ್ದರು.

"ಅಷ್ಟು ಭಾರದ ಕಬ್ಬಿಣ ಗಾಳ್ಯಾಗ ಹೆಂಗ ನಿಂದರತೈತಿ? ನನಗ ತಿಳೀಲಿಲ್ಲಂದ್ರ ನಿಮಗ ನೌಕರಿ ಇಲ್ಲ ನೋಡ್ರಿ ಮೇಡಂ."

"ಕಬ್ಬಿಣ ಅಲ್ರಿ ಕಾಕಾ, ಅಲ್ಯೂಮಿನಿಯಂ. ಈಗ ನೋಡ್ರಿ — ನಾನು, ಸುಮಾ ಇಬ್ಬರೂ ಸಂತಿಯಿಂದ ಹೊಂಟ್ವಿ. ಆಕಿ ಸೀದಾ ಹಾದಿ, ನಾನು ಸುತ್ತು ಹಾದಿ. ಇಬ್ಬರೂ ಒಟ್ಟಿಗೆ ಬಸ್ ಸ್ಟ್ಯಾಂಡ್ ಮುಟ್ಟಬೇಕಂದ್ರ ನಾನು ಜೋರಾಗಿ ನಡೀಬೇಕಲ್ಲ? ರೆಕ್ಕಿ ಮ್ಯಾಲಿನ ಗಾಳಿನೂ ಹಂಗ ಜೋರ ಓಡ್ತೈತಿ; ಅದಕ್ಕ ಮ್ಯಾಲೆ ಒತ್ತಡ ಕಡಿಮಿ ಆಗಿ ಕೆಳಗಿನ ಗಾಳಿ ರೆಕ್ಕಿನ ಎತ್ತತೈತಿ."

ಅಪ್ಪ ತೊಡೆ ತಟ್ಟಿ ನಕ್ಕರು. "ನಮ್ಮ ಸುಮಾ ಸೀದಾ ಹಾದ್ಯಾಗೂ ತಡಾ ಮಾಡ್ತಾಳ ಬಿಡವ್ವಾ."

ನೀನೂ ನಕ್ಕೆ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನಾನು ಪುಸ್ತಕದ ಮಾತು ಎತ್ತಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ನೀನು ಅದೇ ಉತ್ತರವನ್ನು ಇಂಗ್ಲಿಷಿಗೆ ತಿರುಗಿಸಿ ಕನ್ನಡಿಯ ಮುಂದೆ ಹೇಳಿಕೊಳ್ಳುತ್ತಿದ್ದೆ. ನಾನು ಅದಕ್ಕೆ 'ಸರಿ' ಎಂದು ಗುರುತು ಹಾಕಿದೆ. ಆ ಹನ್ನೊಂದು ದಿನ ನಿನ್ನ ಮಗ್ಗುಲಲ್ಲೇ ಕೂತು ನಾನು ಒಬ್ಬಳೇ ಓದಿದೆ.

ಸಂದರ್ಶನದಲ್ಲಿ ನನಗೆ ರಿವೆಟ್ಟಿನ ಪ್ರಶ್ನೆಯೇ ಬಂತು. ನೀನು ಕಲಿಸಿದ್ದನ್ನು ಹೇಳಿದೆ. ಸಂಜೆ ಹೊರಗೆ ಬಂದು ಆಯ್ಕೆಯಾದವರ ಹೆಸರು ಓದಿದರು. ನನ್ನದಿತ್ತು.

ಮರುದಿನದ ಬಸ್ಸಿನಲ್ಲಿ ಚಿತ್ರದುರ್ಗ ದಾಟುವವರೆಗೂ ನೀನು ಕಿಟಕಿಯಾಚೆಗೇ ನೋಡುತ್ತಿದ್ದೆ. ಆಮೇಲೆ ನನ್ನ ಕಡೆ ತಿರುಗಿ, ಕೇಳಿದ್ದೆಲ್ಲಾ ಹೇಳ್ತೀನಿ, ಎಲ್ಲಿ ತಪ್ಪಿದೆ ನೋಡು ಎಂದೆ. ಒಂದೊಂದೇ ಪ್ರಶ್ನೆ, ಒಂದೊಂದೇ ಉತ್ತರ. ಎಲ್ಲಾ ಸರಿಯಾಗಿದ್ದವು — ರೆಕ್ಕೆಯದನ್ನು ಬಿಟ್ಟು.

"ಅದನ್ನಂತೂ ಚೆಂದ ಹೇಳೀನಿ ಬಿಡು. ಯಾಕ ಒಟ್ಟಿಗೆ ಕೂಡಬೇಕು ಅಂತ ಕೇಳಿ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಯಾಕ ನಕ್ಕರಲೇ ಸುಮಾ?"

ಆಗಲಾದರೂ ಹೇಳಬಹುದಿತ್ತು. ಹೇಳಿದ್ದರೆ, 'ನಿನಗೆ ಯಾವಾಗ ಗೊತ್ತಾಯಿತು?' ಎಂದು ನೀನು ಕೇಳುತ್ತಿದ್ದೆ.

"ನಿನ್ನ ಇಂಗ್ಲಿಷಿಗೆ ಇರಬೇಕು," ಎಂದೆ.

ನೀನು ತಲೆಯಾಡಿಸಿದೆ. ಅಷ್ಟೇ. ವಾದ ಮಾಡಿದ್ದರೆ — ಇಲ್ಲ, ನೀನು ಯಾಕೆ ಮಾಡಬೇಕಿತ್ತು? ಸುಳ್ಳು ಹೇಳುವುದಿಲ್ಲವೆಂದು ನೀನು ನಂಬಿದ್ದವಳು ನಾನೊಬ್ಬಳೇ. ಆ ವರ್ಷ ಇನ್ನೆರಡು ಕಂಪನಿಗಳಿಂದ ನಿನಗೆ ಕರೆ ಬಂತು. ಎರಡಕ್ಕೂ ಹೋಗಲಿಲ್ಲ. ಭಾಷಿ ಬರಲಾರದಾಕಿ ಅಲ್ಲಿ ಹೋಗಿ ಏನು ಮಾಡ್ಲಿ ಅಂದೆಯಂತೆ. ನಿನ್ನ ಸೋದರತ್ತೆ ಹೇಳಿದರು.

ಇಲ್ಲಿ, ಅದೇ ವಿಮಾನ ಕಂಪನಿಯಲ್ಲಿ, ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನನ್ನ ತಪ್ಪು ಕಂಡರೆ ಕೂಡಲೇ ಹೇಳುವವರು ಯಾರೂ ಇಲ್ಲ. ಹಾಸ್ಟೆಲ್ ಬಿಟ್ಟು ಬಾಡಿಗೆ ಕೋಣೆ ಹಿಡಿದೆ, ಒಂದರಿಂದ ಇನ್ನೊಂದಕ್ಕೆ ಹೋದೆ. ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹತ್ತಿರ ಬಂದವರಿಗೆ ನಿನ್ನ ವಿಷಯ ಹೇಳಬೇಕಾಗುತ್ತದೆ.

ಹೋದ ತಿಂಗಳು ಹಗರಿಬೊಮ್ಮನಹಳ್ಳಿಗೆ, ನಿನ್ನ ಗಂಡನ ಮನೆಯವರ ಪಂಪ್‌ಸೆಟ್ ಅಂಗಡಿಗೆ ಬಂದಿದ್ದೆನಲ್ಲ. ಚಹಾ ಕುಡಿಯುತ್ತಿದ್ದಾಗ ಮೋಟಾರ್ ಕಂಪನಿಯವನೊಬ್ಬ ಬಂದು ಇಂಗ್ಲಿಷಿನಲ್ಲಿ ಮಾತು ಶುರು ಮಾಡಿದ. ನೀನು ಎದ್ದು, ಮೈದುನನನ್ನು ಕರೆದು ಮಾತಿಗೆ ಕೂರಿಸಿ ಒಳಗೆ ಹೋದೆ. ನಿನ್ನ ಮೈದುನ ತಡವರಿಸುತ್ತಿದ್ದ. ನೀನು ಬಾಗಿಲ ಹಿಂದೆ ನಿಂತು ಒಂದೊಂದು ಪ್ರಶ್ನೆಗೂ ಉತ್ತರವನ್ನು ಮೆಲ್ಲಗೆ ಕನ್ನಡದಲ್ಲಿ ಅವನಿಗೆ ಹೇಳಿಕೊಡುತ್ತಿದ್ದೆ. ಎಲ್ಲವೂ ಸರಿಯಾಗಿದ್ದವು. ನಾನು ಚಹಾ ಮುಗಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದುಬಿಟ್ಟೆ.

ಈ ಭಾನುವಾರ ಬರುತ್ತೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಿನ್ನ ಗಂಡ, ಮೈದುನ ಇಬ್ಬರೂ ಅಂಗಡಿಯಲ್ಲಿರುವ ಹೊತ್ತು ನೋಡಿ ಬಂದು, ಅವರೆದುರಿಗೇ ಓದುತ್ತೇನೆ — ನಿನಗೆ ಇಂಗ್ಲಿಷ್ ಬಾರದೆಂದು ಅವರೂ ನಂಬಿದ್ದಾರೆ; ನಿನ್ನ ಕಿವಿಯಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಹೊರಗೆ ಹೋಗು ಅನ್ನುವವರೆಗೆ ಅಲ್ಲೇ ನಿಂತಿರುತ್ತೇನೆ.