ತುಂಬಿಸಿ ನೋಡುವ ಅಂಬಿಕಾ

ನನಗೆ ಅಂಬಿಕಾಳ ಪರಿಚಯವಾದದ್ದು ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ, ಜನವರಿಯ ಒಂದು ಮಧ್ಯಾಹ್ನ. ಎಲ್ಲರೂ ನಿಂತುಕೊಂಡೇ ವ್ಯಾಪಾರ ಮುಗಿಸುವ ಆ ಇಕ್ಕಟ್ಟಿನಲ್ಲಿ ಅವಳೊಬ್ಬಳು ಸ್ಟೂಲು ಎಳೆದುಕೊಂಡು, ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ಕುಳಿತಿದ್ದಳು. ಲ್ಯಾಪ್‌ಟಾಪಿಗೊಂದು ತಂತಿ, ತಂತಿಯ ತುದಿಗೆ ಬೆಂಕಿಪೊಟ್ಟಣದಷ್ಟು ಗಾತ್ರದ ಹೊಳೆಯುವ ಡಿಸ್ಕ್. ಅಂಗಡಿಯ ಅರುಣ್ ಕುಮಾರನಿಗೆ ತಾಳ್ಮೆ ಮುಗಿಯುತ್ತ ಬಂದಿತ್ತು.

“ಅಕ್ಕಾರ, ಎರಡು ಟಿಬಿ ಅಂತ ಮ್ಯಾಲೇ ಬರದೈತಲ್ರಿ. ನಿಮ್ಮ ಲ್ಯಾಪ್‌ಟಾಪೂ ಅದನ್ನೇ ತೋರಿಸ್ತೈತೆ.”

“ತೋರಿಸ್ಲಿ ಬಿಡ್ರಿ. ತುಂಬಿಸಿ ನೋಡ್ತೀನಿ. ರೊಕ್ಕ ಆಮ್ಯಾಲೆ.”

“ತುಂಬಿಸಾಕ ಇದೇನು ಕೊಡಪಾನ ಏನ್ರಿ?”

“ಕೊಡಪಾನನೇ ಅನ್ಕೋರಿ.”

ಈ ಹಠ ಅವಳಿಗೆ ಸುಮ್ಮನೆ ಬಂದದ್ದಲ್ಲ.

ಹರಿಹರದಲ್ಲಿ ಅವಳದೊಂದು ಜೆರಾಕ್ಸ್ ಅಂಗಡಿ. ಹತ್ತಿರದ ಬಾತಿ ಗ್ರಾಮದ ನಾಗರತ್ನಮ್ಮ, ತಮ್ಮ ಮಗಳು ತನುಶ್ರೀಯ ಪಠ್ಯಪುಸ್ತಕಗಳನ್ನು ಅಲ್ಲಿಗೆ ತಂದು, ಅಕ್ಷರ ದೊಡ್ಡದು ಮಾಡಿಸಿಕೊಂಡು ಹೋಗುತ್ತಿದ್ದರು. ಹುಡುಗಿಯ ದೃಷ್ಟಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಿತ್ತು. ಅಕ್ಷರಗಳು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದವು. ಕೊನೆಗೆ ಒಂದು ಹಾಳೆಗೆ ನಾಲ್ಕೈದು ಪದ ಹಿಡಿಯುವಂತಾಗಿ, ಒಂದು ಪಾಠದ ಕಟ್ಟು ಕಂಕುಳಲ್ಲಿ ನಿಲ್ಲದಷ್ಟು ದಪ್ಪವಾಯಿತು. ಒಂದು ದಿನ ಹುಡುಗಿಯೇ ಯಂತ್ರದ ಮುಂದೆ ನಿಂತು, ಆಂಟಿ, ಇನ್ನ ದೊಡ್ಡದು ಮಾಡಬ್ಯಾಡ್ರಿ, ಹಾಳೆ ದಂಡ ಎಂದುಬಿಟ್ಟಳು. ಅಂಬಿಕಾ ಯಂತ್ರ ನಿಲ್ಲಿಸಿದಳು. ಪುಸ್ತಕವನ್ನು ಇಟ್ಟುಕೊಂಡಳು, ಮರುದಿನ ಬೆಳಗ್ಗೆ ಅಂಗಡಿ ತೆರೆಯುವ ಮೊದಲು ಫೋನಿನ ಮುಂದೆ ಕುಳಿತು ಆ ಪಾಠವನ್ನು ಗಟ್ಟಿಯಾಗಿ ಓದಿ, ಧ್ವನಿಯನ್ನು ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಟ್ರ್ಯಾಕ್ಟರಿನಲ್ಲಿ ಹಾಡು ಹಾಕುವಂಥ ಪುಟ್ಟ ಸ್ಪೀಕರಿಗೆ ಅದನ್ನು ಸಿಕ್ಕಿಸಿದರೆ ಸಾಕು; ಗುಂಡಿಗಳನ್ನು ತನುಶ್ರೀ ಬೆರಳಿನಿಂದಲೇ ಗುರುತಿಸುತ್ತಿದ್ದಳು.

ಸುದ್ದಿ ದಾವಣಗೆರೆಯಾಚೆಯ ಆನಗೋಡಿನವರೆಗೂ ಹೋಯಿತು. ಕಣ್ಣು ಕಾಣದ ಬೇರೆ ಮಕ್ಕಳ ತಂದೆತಾಯಿಯರೂ ಬಂದರು. ಓದುವುದಕ್ಕೆ ಗಂಟಲಿತ್ತು, ಪೆನ್‌ಡ್ರೈವಿಗೆ ದುಡ್ಡು ಬೇಕಿತ್ತು. ಅಂದಿನಿಂದ ಅಗ್ಗದ ಪೆನ್‌ಡ್ರೈವ್ ಎಲ್ಲಿದೆಯೆಂದು ಹುಡುಕುವುದೇ ಅವಳ ಇನ್ನೊಂದು ಕಸುಬಾಯಿತು. ಹಬ್ಬದ ಆಫರುಗಳನ್ನು ಕಾಯುತ್ತಿದ್ದಳು. ಬಾಗಿಲು ಮುಚ್ಚುವ ಅಂಗಡಿಗಳ ಸುಳಿವು ಹಿಡಿಯುತ್ತಿದ್ದಳು. ಪಿ.ಜೆ. ಬಡಾವಣೆಯ ದವಾಖಾನೆಗಳಿಗೆ ಹೋಗಿ, ಔಷಧಿ ಕಂಪನಿಯವರು ಡಾಕ್ಟರುಗಳಿಗೆ ಕೊಟ್ಟುಹೋದ ಮಾತ್ರೆಯಾಕಾರದ ಪೆನ್‌ಡ್ರೈವುಗಳನ್ನು ನಾಚದೆ ಕೇಳಿ ತರುತ್ತಿದ್ದಳು.

ಕಳೆದ ದೀಪಾವಳಿಯ ಹೊತ್ತಿಗೆ ಅಂಗಡಿಯ ಕಂಪ್ಯೂಟರು ತುಂಬಿಹೋಯಿತು. ದಾವಣಗೆರೆಯಲ್ಲಿ ಹಬ್ಬಕ್ಕೆಂದು ಹಾಕಿದ್ದ ಒಂದು ಮಾರಾಟದ ಟೆಂಟಿನಲ್ಲಿ ಎರಡು ಟಿಬಿ ಡಿಸ್ಕ್ ಕಾಲುಭಾಗ ಬೆಲೆಗೆ ಸಿಕ್ಕಿತು. ಹಿಗ್ಗಿನಿಂದ ತಂದು, ಓದಿದ್ದನ್ನೆಲ್ಲ ಅದಕ್ಕೆ ಹಾಕಿದಳು. ಪಾಠಗಳ ಹೆಸರುಗಳು ಸಾಲಾಗಿ ಕಂಡವು. ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದಳು.

ಡಿಸೆಂಬರಿನ ಕೊನೆಗೆ ನಾಗರತ್ನಮ್ಮನ ಫೋನು ಬಂತು. ಡಿಸ್ಕಿನಿಂದ ತೆಗೆದು ಹೊಸದಾಗಿ ಕೊಟ್ಟ ಇತಿಹಾಸದ ಪಾಠಗಳು ಮಾತಾಡುತ್ತಿಲ್ಲ. ಅಂಬಿಕಾ ಡಿಸ್ಕನ್ನು ತೆರೆದು ಒಂದೊಂದನ್ನೇ ಒತ್ತಿದಳು. ಮೊದಲು ಹಾಕಿದ ಕೆಲವು ಪಾಠಗಳಲ್ಲಿ ಮಾತ್ರ ಧ್ವನಿಯಿತ್ತು. ಮಿಕ್ಕವು ಬರೀ ಹೆಸರು. ಆ ಡಿಸ್ಕಿನ ಹೊಟ್ಟೆಯಲ್ಲಿ ನಿಜವಾಗಿ ಇದ್ದ ಜಾಗ ಅಷ್ಟೇ. ತನುಶ್ರೀಯ ದ್ವಿತೀಯ ಪಿಯುಸಿಗೆಂದು ಮಳೆಗಾಲವಿಡೀ ಓದಿಟ್ಟದ್ದು ಹೋಗಿತ್ತು. ಪರೀಕ್ಷೆಗೆ ಉಳಿದದ್ದು ಎರಡೇ ತಿಂಗಳು. ಕೇಳೋಣವೆಂದು ಹೋದರೆ, ಟೆಂಟಿದ್ದ ಜಾಗದಲ್ಲಿ ಗೂಟ ಕಿತ್ತ ಗುಳಿಗಳಿದ್ದವು.

ಅಣ್ಣ ಹನುಮೇಶ್, ಆಡಿನ ರೇಟಿಗೆ ಆನೆ ಸಿಕ್ಕರೆ ಅದು ಆನೆಯಾಗಿರುವುದಿಲ್ಲ ಎಂದು ಕುಟುಕಿದ. ನಾಗರತ್ನಮ್ಮ ಬಾತಿಯ ಮನೆಯಲ್ಲಿ ಅವಳಿಗೆ ಚಹಾ ಕೊಟ್ಟು, ಈ ವರ್ಷ ಬಿಡೋಣ, ಮುಂದಿನ ವರ್ಷ ಬರೆಯುತ್ತಾಳೆ ಎಂದು ಸಮಾಧಾನದ ಮಾತಾಡಿದರು. ತನುಶ್ರೀ ಬಾಗಿಲವರೆಗೂ ಬಂದು ಮೆಲ್ಲಗೆ ಹೇಳಿದಳು:

“ಒಂದು ವರ್ಷ ಬಿಟ್ರೆ ಕಾಲೇಜು ಬಿಟ್ಟಂಗೇ ಆಂಟಿ. ಈಗಾಗಲೇ ಮದುವಿ ಮಾತು ನಡದೈತೆ.”

“ಬರೀತೀಯ,” ಎಂದಳು ಅಂಬಿಕಾ. “ಈ ವರ್ಷನೇ ಬರೀತೀಯ.”

ಮನೆಗೆ ಬಂದಾಗ ಅತ್ತೆ ಗಿರಿಯಮ್ಮ ಕತೆಯನ್ನೆಲ್ಲ ಕೇಳಿ, ಬೈಯಲೂ ಇಲ್ಲ, ಮರುಗಲೂ ಇಲ್ಲ.

“ನಾ ಮಣ್ಣಿನ ಕೊಡ ತಗೊಳ್ಳಾಗ ಕಂಠದ ಮಟ ನೀರು ತುಂಬಿಸಿ, ಎಲಿ ಅಡಿಕೆ ಹಾಕ್ಕಂಡು ಕುಂದರ್ತಿದ್ದೆ. ಬಾಯಾಗಿನ ರಸ ಮುಗಿಯೋ ಮಟ ತಳ ಒದ್ದಿ ಆಗ್ಲಿಲ್ಲ ಅಂದ್ರ ರೊಕ್ಕ. ನೀ ತುಂಬಿಸಿ ನೋಡಿದ್ಯೇನವ್ವ?”

ಇಲ್ಲ, ಅವಳು ಹೆಸರು ನೋಡಿದ್ದಳು, ಅಷ್ಟೇ. ಹಾಗೆಂದು ದುಬಾರಿಯದನ್ನು ಕೊಳ್ಳುವ ಶಕ್ತಿ ಅವಳಿಗಿರಲಿಲ್ಲ. ಅಗ್ಗದ್ದೇ ಬೇಕು, ಆದರೆ ಸೋರದ್ದು ಬೇಕು. ಅದಕ್ಕೇ ಆ ಮಧ್ಯಾಹ್ನ ಅರುಣ್ ಕುಮಾರನ ಅಂಗಡಿಯಲ್ಲಿ ಸ್ಟೂಲು ಹಿಡಿದು ಕುಳಿತದ್ದು.

ಅವಳ ಲ್ಯಾಪ್‌ಟಾಪಿನಲ್ಲಿ ಯಾರದೋ ಮದುವೆಯ ದೊಡ್ಡ ವಿಡಿಯೊ ಇತ್ತು. ಅದನ್ನೇ ಮತ್ತೆ ಮತ್ತೆ ಡಿಸ್ಕಿಗೆ ಹಾಕುತ್ತ ಹೋದಳು. ಸಾಕಷ್ಟು ತುಂಬಿದ ಮೇಲೆ ಒಂದೊಂದನ್ನೇ ತೆರೆದಳು. ಮೊದಲಿನವುಗಳಲ್ಲಿ ಧಾರೆ ನಡೆಯುತ್ತಿತ್ತು. ಆಮೇಲಿನದರಲ್ಲಿ ಮಂಟಪವೂ ಇಲ್ಲ, ಮದುಮಗಳೂ ಇಲ್ಲ, ಬರೀ ಕಪ್ಪು. ಲ್ಯಾಪ್‌ಟಾಪನ್ನು ತಿರುಗಿಸಿ ಅವನ ಮುಂದೆ ಹಿಡಿದಳು.

ಅರುಣ್ ಕುಮಾರನ ಕುಚೋದ್ಯ ನಿಂತುಹೋಯಿತು. ಅದೇ ಪೆಟ್ಟಿಗೆಯಿಂದ ಅವನು ಆಗಲೇ ಕೆಲವರಿಗೆ ಮಾರಿದ್ದ. ಮಿಕ್ಕ ಡಿಸ್ಕುಗಳನ್ನೆಲ್ಲ ಗಾಜಿನ ಕಪಾಟಿನಿಂದ ತೆಗೆದು ಕೆಳಗಿಟ್ಟ. ಆಮೇಲೆ ಒಳಗಿನಿಂದ ಎರಡು ಕರಿಯ ಡಿಸ್ಕ್ ತಂದ. ಯಾವುದೋ ಆಫೀಸಿನ ಹಳೆಯ ಕಂಪ್ಯೂಟರುಗಳಿಂದ ಬಿಚ್ಚಿ, ಹೊಸ ಕವಚ ತೊಡಿಸಿದವು.

“ನೋಡಾಕ ಚಂದ ಇಲ್ರಿ ಅಕ್ಕಾರ, ಜಾಗಾನೂ ಕಮ್ಮಿ. ಬೆಲಿನೂ ಕಮ್ಮಿ. ಇವನ್ನೂ ತುಂಬಿಸ್ರಿ.”

ತುಂಬಿಸಿದಳು. ಅಂಗಡಿಗೆ ಬಂದವರು ಅವಳ ಪಕ್ಕ ನುಸುಳಿ ಹೋದರು, ಚಹಾ ಬಂತು, ದೀಪ ಹತ್ತಿತು. ಎರಡರಲ್ಲೂ ಕಟ್ಟಕಡೆಯ ವಿಡಿಯೊದವರೆಗೆ ಮದುಮಗಳು ತಲೆ ತಗ್ಗಿಸಿ ನಿಂತೇ ಇದ್ದಳು. ಅಂಬಿಕಾ ಎರಡನ್ನೂ ಕೊಂಡಳು. ಒಂದು ತನ್ನ ಅಂಗಡಿಗೆ, ಒಂದು ಬಾತಿಯ ತನುಶ್ರೀಯ ಮನೆಗೆ. ಒಂದೇ ಕಡೆ ಇಟ್ಟು ಕೆಟ್ಟದ್ದು ಸಾಕಾಗಿತ್ತು.

ಮರುದಿನದಿಂದ ಓದು. ಹಳೆಯ ವಿದ್ಯಾರ್ಥಿಗಳ ಬಳಿ ಏನಾದರೂ ಉಳಿದಿರಬಹುದೆಂದು ವಿಚಾರಿಸಿದರೆ, ಹೆಚ್ಚಿನವರು ಪೆನ್‌ಡ್ರೈವಿಗೆ ಹಾಡು ತುಂಬಿದ್ದರು. ಆನಗೋಡಿನ ಒಂದು ಟ್ರ್ಯಾಕ್ಟರಿಗೆ ಸೇರಿದ್ದ ಪೆನ್‌ಡ್ರೈವಿನಲ್ಲಿ ಮಾತ್ರ ಹಾಡುಗಳ ನಡುವೆ ಸಮಾಜಶಾಸ್ತ್ರದ ಎರಡು ಪಾಠ ಉಳಿದಿದ್ದವು. ಚಾಲಕನಿಗೆ ಅಳಿಸಲು ಬರುತ್ತಿರಲಿಲ್ಲ, ಕೇಳಿ ಕೇಳಿ ಅರ್ಧ ಬಾಯಿಪಾಠವಾಗಿತ್ತು. ಮಿಕ್ಕದ್ದನ್ನೆಲ್ಲ ಅಂಬಿಕಾ ಮೊದಲಿನಿಂದ ಓದಿದಳು. ಬೆಳಗ್ಗೆ ಯಂತ್ರ ಶುರುವಾಗುವ ಮುಂಚೆ, ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ, ಶಟರು ಅರ್ಧ ಎಳೆದು. ಗಂಟಲು ಕಟ್ಟಿದರೆ ಮೆಣಸಿನ ಕಷಾಯ ಕುಡಿದು ಮುಂದಿನ ಪುಟ ತಿರುವುತ್ತಿದ್ದಳು. ಓದಿ ಮುಗಿದಷ್ಟನ್ನು ಪೆನ್‌ಡ್ರೈವಿಗೆ ಹಾಕಿ, ಬಾತಿಯ ಮೇಲೆ ಹೋಗುವ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು; ಅಲ್ಲಿ ನಾಗರತ್ನಮ್ಮ ರಸ್ತೆಗೆ ಬಂದು ಇಳಿಸಿಕೊಳ್ಳುತ್ತಿದ್ದರು. ಕೊನೆಯ ಪಾಠ ಹೋದದ್ದು ಪರೀಕ್ಷೆಯ ಹಿಂದಿನ ವಾರ.

ಪರೀಕ್ಷೆಯಲ್ಲಿ ತನುಶ್ರೀ ಉತ್ತರ ಹೇಳಿದಳು, ಜೊತೆಗೆ ಕುಳಿತ ಹುಡುಗಿ ಬರೆದಳು. ತನುಶ್ರೀ ಪಾಸಾದಳು; ಮೇ ತಿಂಗಳ ಹೊತ್ತಿಗೆ ಮದುವೆಯ ಮಾತು ತಣ್ಣಗಾಗಿ, ಕಾಲೇಜಿನ ಅರ್ಜಿಯ ಮಾತು ಶುರುವಾಗಿತ್ತು.

ಈಗ ತನುಶ್ರೀ ದಾವಣಗೆರೆಯಲ್ಲಿ ಬಿ.ಎ. ಓದುತ್ತಿದ್ದಾಳೆ. ಅಂಬಿಕಾಳ ಬೆಳಗು ಅರ್ಥಶಾಸ್ತ್ರಕ್ಕೆ ಹೋಗುತ್ತಿದೆ. ಕತೆ, ಚರಿತ್ರೆಯಂತೆ ಅದು ನೇರವಾಗಿ ಓದಿಸಿಕೊಳ್ಳುವುದಿಲ್ಲ, ಪುಟಪುಟಕ್ಕೂ ಕೋಷ್ಟಕಗಳು. ಅಡ್ಡಸಾಲು ಮೊದಲು ಹೇಳಬೇಕೋ, ಉದ್ದಸಾಲು ಮೊದಲೋ? ಒಂದು ಬಗೆಯಲ್ಲಿ ಓದಿ ಕಳಿಸುತ್ತಾಳೆ. ತಲೆಗೆ ಹತ್ತಲಿಲ್ಲ ಆಂಟಿ ಎಂದು ಬಾತಿಯಿಂದ ಫೋನು ಬರುತ್ತದೆ. ಇನ್ನೊಂದು ಬಗೆಯಲ್ಲಿ ಓದುತ್ತಾಳೆ. ಈ ವಾರ ಅಕ್ಕಿ, ಜೋಳ, ರಾಗಿಯ ಉತ್ಪಾದನೆಯ ಕೋಷ್ಟಕವೊಂದನ್ನು ಮೂರನೆಯ ಬಾರಿಗೆ ಓದುತ್ತಿದ್ದಾಳೆ.