ಬೋಳು ಪೆಟ್ಟಿಗೆ

ಖಾಲಿ ಜಾಗ ಕಂಡರೆ ನಮ್ಮ ಜನಕ್ಕೆ ಮೈ ಉರಿಯುತ್ತದೆ. ಅಂಥ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಂತೆಮರಹಳ್ಳಿ ಬಸ್ಸಿನಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಕಾಗದ, ಗೋಡೆ, ತಗಡು ಯಾವುದು ಸಿಕ್ಕಿದರೂ ಅವರು ಮಾಡುವುದು ಅದನ್ನೇ. ಹೊಯ್ಸಳರ ಶಿಲ್ಪಿಗಳು ಜಾಗ ಬಿಟ್ಟರೇ ಎಂದು ನೀವು ಕೇಳಬಹುದು. ಬಿಡಲಿಲ್ಲ, ನಿಜ. ಆದರೆ ಆನೆಯ ಸೊಂಡಿಲು ಎಲ್ಲಿ ಮುಗಿಯಬೇಕೆಂದು ಅವರಿಗೆ ಗೊತ್ತಿತ್ತು ಸ್ವಾಮಿ!

ಐವತ್ತರ ದಶಕದಲ್ಲಿ ನಾನು ಮೈಸೂರಿನಲ್ಲಿ ಜಾಹೀರಾತಿನ ಚಿತ್ರಕಲೆ ಕಲಿಯುತ್ತಿದ್ದೆ. 'ಅಂದರೆ ಬೋರ್ಡು ಬರೆಯೋದಾ?' ಎಂದು ಕೇಳದವರಿಲ್ಲ. ಹೌದು, ಬೋರ್ಡು ಬರೆಯೋದೇ. ಆದರೆ ಬೋರ್ಡಿನ ಮೇಲೆ ಏನನ್ನು ಬರೆಯಬಾರದು ಎನ್ನುವುದೂ ಒಂದು ವಿದ್ಯೆ ಎಂದರೆ ನಗುತ್ತಿದ್ದರು. ಚಾಮರಾಜನಗರದಲ್ಲಿ ಬಳೆ ಅಂಗಡಿ ಇಟ್ಟಿದ್ದ ನಮ್ಮ ಅಬ್ಬಾ ನಗಲಿಲ್ಲ, ಷರತ್ತು ಹಾಕಿದರು. ಗುಂಡ್ಲುಪೇಟೆಯಲ್ಲಿ ನಿನ್ನ ಮಾಮುವಿನ ಟ್ರಂಕಿನ ಅಂಗಡಿಯಿದೆ. ಈ ರಜೆಯಲ್ಲಿ ನಿನ್ನ ಬಣ್ಣದ ಒಂದು ಟ್ರಂಕು ಮಾರಾಟವಾದರೆ ಮತ್ತೆ ಮೈಸೂರು, ಇಲ್ಲದಿದ್ದರೆ ಬಳೆ ಅಂಗಡಿ.

ಮಾಮುವಿನ ಟ್ರಂಕುಗಳೋ, ದೇವರೇ ಕಾಪಾಡಬೇಕು! ಗುಲಾಬಿ, ಬಳ್ಳಿ, ನವಿಲು, ಹುಲಿ, ಹುಲಿಯ ಬಾಯಲ್ಲೂ ಒಂದು ಹೂವು. ಅವುಗಳ ನಡುವೆ ನಾನು ಕಡುಹಸಿರು ಬಳಿದು, ಮೂಲೆಯಲ್ಲಿ ಒಂದೇ ಒಂದು ಬಿಳಿ ಮಲ್ಲಿಗೆ ಮೊಗ್ಗು ಬರೆದು ಒಂದು ಟ್ರಂಕನ್ನು ಇಟ್ಟೆ. ಅದನ್ನು ನೋಡಿ ನಾನೇ ಮರುಳಾಗಿದ್ದೆ. ರಜೆಯೆಲ್ಲ ಕಳೆದರೂ ಇನ್ನೊಬ್ಬರೂ ಮರುಳಾಗಲಿಲ್ಲ.

ಕೊನೆಗೆ ಭೀಮನಬೀಡಿನ ಸಿದ್ದಪ್ಪ ಮಗಳ ಮದುವೆಗೆ ಟ್ರಂಕು ಕೊಳ್ಳಲು ಬಂದ, ಮಗಳನ್ನೂ ಕರೆದುಕೊಂಡು.

"ಇದೇನ್ ಸಾಬ್ರೆ, ಬೋಳ್ ಪೆಟ್ಗೆ ಮಡ್ಗಿದ್ದೀರಿ? ಮದ್ವೆ ಎಣ್ಗೆ ಇಂಗೆ ಕೊಟ್ರೆ ಬೀಗ್ರು ಉಗಿಯಾಕಿಲ್ವಾ?" ಎಂದವನು ಮತ್ತೊಮ್ಮೆ ನೋಡಿ, "ಆದ್ರೂ ಜಾಗ ಬೇಕಾದಂಗದೆ. ತುಂಬ್ಸ್‌ಬುಡಿ, ಇದ್ನೇ ತಕ್ಕತೀನಿ" ಅಂದ.

ಮಾಮು ನನ್ನ ಕೈಗೇ ಕುಂಚ ಕೊಟ್ಟರು. ಬರೆದೆ. ಹಲ್ಲು ಕಚ್ಚಿಕೊಂಡು ಬರೆದೆ. ನಡುವೆ ದಪ್ಪಕ್ಷರದಲ್ಲಿ ಸಿದ್ದಪ್ಪ, ಅವನ ಅಪ್ಪ, ಅವರ ಊರು. ಕೆಳಗೆ ಅಳಿಯ, ಅಳಿಯನ ಅಪ್ಪ, ಅವರ ಊರು ಹರವೆ. ಮಿಕ್ಕಲ್ಲೆಲ್ಲ ಗಿಣಿಗಳು. ನನ್ನ ಮೊಗ್ಗಿನ ಮೇಲೊಂದು ಗಿಣಿ ಕೂತಿತು. ಇಷ್ಟಾದ ಮೇಲೆ ಸಿದ್ದಪ್ಪನಿಗೆ ಮಗಳ ಹೆಸರು ನೆನಪಾಯಿತು: "ಪುಟ್ಟತಾಯಿ ಅಂತ ಎಲ್ಲಾರಾ ಒಂದ್ ಕಡೆ ಸೇರಿಸ್ಬುಡಿ."

ಎರಡು ಗಿಣಿಗಳ ಬಾಲದ ಸಂದಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣದಾಗಿ ಸೇರಿಸಿದೆ. ಅಪ್ಪನ ಹಿಂದೆ ನಿಂತಿದ್ದ ಹುಡುಗಿ ಹತ್ತಿರ ಬಂದಳು. ಶಾಲೆಯ ಮುಖ ಕಂಡವಳಲ್ಲ.

"ಅಣ್ಣೋ, ಇದ್ರಾಗೆ ನಾನೆಲ್ಲಿವ್ನಿ?"

ತೋರಿಸಿದೆ. ಅವಳು ಬಗ್ಗಿ ಹುಡುಕಿದಳು. ಮತ್ತೆ ತೋರಿಸಿದೆ. "ಇಷ್ಟೇಯಾ?" ಅಂದಳು.

ಅದುವರೆಗೆ ನನ್ನ ಸಿಟ್ಟು ನನ್ನ ಮೊಗ್ಗಿಗಾಗಿ ಇತ್ತು. ಈಗ ಬಂದದ್ದು ಬೇರೆ ಸಿಟ್ಟು. ಪೆಟ್ಟಿಗೆ ಇವಳದು, ಸೀರೆ ಇವಳದು, ಹೊರಟಿರುವವಳು ಇವಳು. ಊರಿನ ಗಂಡಸರೆಲ್ಲ ಇದರ ಮೇಲೆ ಯಾಕೆ ಕೂರಬೇಕು? ಸೀಮೆಎಣ್ಣೆ ಬಟ್ಟೆ ತಗೊಂಡು, ಬಣ್ಣ ಹಸಿ ಇರುವಾಗಲೇ ಅಪ್ಪಂದಿರು, ಊರುಗಳು, ಗಿಣಿಗಳು ಎಲ್ಲವನ್ನೂ ಒರೆಸಿ ಎಸೆದೆ. ಮೈಸೂರೂ ಅದರ ಜೊತೆಗೇ ಹೋಯಿತೆಂದು ನನಗೆ ಗೊತ್ತಿತ್ತು. ಮಾಮು ತಲೆ ಮೇಲೆ ಕೈ ಹೊತ್ತು ಕೂತರು. ನಡುಮಧ್ಯೆ, ದುಂಡಗೆ, ಪುಟ್ಟತಾಯಿ ಎಂದಷ್ಟೇ ಬರೆದೆ.

"ಎಲ್ಲಾ ಅಳಿಸ್ಬುಟ್ಟಲ್ಲೋ! ನಂಗ್ಬ್ಯಾಡ ಈ ಪೆಟ್ಗೆ!" ಎಂದು ಸಿದ್ದಪ್ಪ ಕೂಗಾಡಿದ.

ಹುಡುಗಿ ಪೆಟ್ಟಿಗೆಯ ಹಿಡಿಯನ್ನು ಬಿಡಲಿಲ್ಲ. "ನಂಗಿದೇ ಬೇಕು ಕಣಪ್ಪ" ಅಂದಳು.

ಪೆಟ್ಟಿಗೆ ಮಾರಾಟವಾಯಿತು. ನಾನು ಮೈಸೂರಿಗೆ ಹೋದೆ. ಅಲ್ಲಿ ಮೇಷ್ಟ್ರು ಹಲಗೆಯ ಮುಂದೆ ನಿಂತು ಎಂದಿನಂತೆ 'ಜಾಗ ಬಿಡಿ, ಜಾಗ ಬಿಡಿ' ಎಂದರು. ಯಾರಿಗೆ ಬಿಡಬೇಕು ಎಂದು ಅವರು ಯಾವತ್ತೂ ಹೇಳಿರಲಿಲ್ಲ.